ಮೋಡದ ಪೆಟ್ಟಿಗೆ ಹೊತ್ತು ‘ಬಾ’ ಎನ್ನುವ ನಾಡಿಗೆ

ಅರಸೀಕೆರೆ: ಹೊರಡುವ ಮುನ್ನವೇ ಗಲಾಟೆ

ಪ್ರವಾಸದ ಕಥೆ ಹೇಳುವವರು ವಿಮಾನ ನಿಲ್ದಾಣದಿಂದ ಶುರು ಮಾಡುತ್ತಾರೆ. ನಾನು ವಿಮಾನ ಹತ್ತಿದವಳಲ್ಲ. ಪಾಸ್‌ಪೋರ್ಟನ್ನು ಪಕ್ಕದ ಮನೆಯವರ ಬೀರುವಿನಲ್ಲಿ ನೋಡಿದ್ದೇನೆ, ಅಷ್ಟೆ. ಆದರೆ ಹೋದ ನವೆಂಬರಿನಲ್ಲಿ ಹತ್ತು ದಿನ ಗುಜರಾತಿನಲ್ಲಿ ಸುತ್ತಾಡಿ ಬಂದ ಮೇಲೆ, ವಿದೇಶಕ್ಕೆ ಹೋಗಲು ದೇಶ ಬಿಡಲೇಬೇಕಾಗಿಲ್ಲ ಎಂದು ಗೊತ್ತಾಯಿತು. ನಾವು ಹುಟ್ಟಿದಾಗಿನಿಂದ ಆಡುವ ಒಂದಕ್ಷರಕ್ಕೆ ಇನ್ನೊಂದು ಊರಿನಲ್ಲಿ ಬೇರೆ ಅರ್ಥ ಇದ್ದರೆ ಸಾಕು, ಅದು ಪರದೇಶವೇ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟವಳು. ನಿವೃತ್ತಿಯಾದರೂ ಕೈಚೀಲದಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ. ಮದುವೆ ಕರೆಯೋಲೆಯ ಕಾಗುಣಿತ ತಿದ್ದಿದ್ದೇನೆ, ಪುರಸಭೆಯ ನೋಟೀಸು ತಿದ್ದಿದ್ದೇನೆ. ಇದು ಒಳ್ಳೆಯ ಗುಣವೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದ್ದರೆ, ಈ ಪ್ರವಾಸಕ್ಕೆ ಮುಂಚೆ ಅವರ ವಾಕ್ಯವನ್ನೂ ತಿದ್ದುತ್ತಿದ್ದೆ.

ಅಹಮದಾಬಾದಿನ ಕನ್ನಡ ಸಂಘವೊಂದು, ನವೆಂಬರಿನ ಮೂರನೇ ವಾರ ಇಟ್ಟುಕೊಂಡ ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಏನಾದರೂ ತೋರಿಸಿ ಎಂದು ಕರೆಯಿತು. ನಾನು ತೋರಿಸುತ್ತೇನೆಂದು ಒಪ್ಪಿಕೊಂಡದ್ದು ಮೋಡದ ಪೆಟ್ಟಿಗೆ. ಹೆಸರು ದೊಡ್ಡದು, ವಸ್ತು ಸಣ್ಣದು. ಮೀನು ಸಾಕುವ ಗಾಜಿನ ತೊಟ್ಟಿ ಒಂದು. ಅದರ ತಳಕ್ಕೆ ಒಳಗಿನಿಂದ ಉಣ್ಣೆ ಬಟ್ಟೆ ಅಂಟಿಸಿ, ಸ್ಪಿರಿಟ್‌ನಲ್ಲಿ ನೆನೆಸಿ, ತೊಟ್ಟಿಯನ್ನು ಕಪ್ಪು ಲೋಹದ ತಟ್ಟೆಯ ಮೇಲೆ ಬೋರಲು ಹಾಕಬೇಕು. ತಟ್ಟೆಯ ಅಡಿಗೆ ಡ್ರೈ ಐಸ್, ಅಂದರೆ ಗಟ್ಟಿ ಮಾಡಿದ ಇಂಗಾಲದ ಡೈ ಆಕ್ಸೈಡು. ಮೇಲೆ ಬೆಚ್ಚಗೆ, ಕೆಳಗೆ ಕೊರೆಯುವ ಚಳಿ. ನಡುವೆ ಸ್ಪಿರಿಟ್ ಆವಿ ಹನಿಯಾಗಲೋ ಬೇಡವೋ ಎಂದು ಕಾಯುತ್ತಿರುತ್ತದೆ. ಆಗ ಆಕಾಶದಿಂದ ಇಳಿದ ಒಂದು ಕಣ ಅದನ್ನು ಸೀಳಿಕೊಂಡು ಹೋದರೆ, ಅದರ ದಾರಿಯುದ್ದಕ್ಕೂ ಹನಿ ಕಟ್ಟಿ ಬಿಳಿ ಎಳೆಯೊಂದು ಕಾಣುತ್ತದೆ. ಕಣ ಕಾಣುವುದಿಲ್ಲ, ಅದು ನಡೆದ ಹೆಜ್ಜೆ ಕಾಣುತ್ತದೆ. ಇಂಥ ಕಣಗಳು ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಅಂಗೈ ತೂರಿಕೊಂಡು ಹೆಚ್ಚು ಕಡಿಮೆ ಸೆಕೆಂಡಿಗೊಂದರಂತೆ ಹೋಗುತ್ತಿವೆ.

ಸ್ಪಿರಿಟನ್ನು ರೈಲಿನಲ್ಲಿ ಒಯ್ಯುವ ಹಾಗಿಲ್ಲ. ಅದಕ್ಕೆ ಸಂಘದ ಕಾರ್ಯದರ್ಶಿ ನಾಗರಾಜ್ ಅವರಿಗೆ ಫೋನ್ ಮಾಡಿ, “ಒಂದು ಲೀಟರ್ ಆಲ್ಕೋಹಾಲ್ ತರಿಸಿಡಿ” ಎಂದೆ. ಅವರು ಧಾರವಾಡದವರು, ವಿಮೆ ಕಚೇರಿಯಲ್ಲಿ ದುಡಿದು ಅಲ್ಲೇ ನೆಲೆಸಿದವರು, ಮೆಲುದನಿಯ ಮನುಷ್ಯ.

“ಮೇಡಂ, ಇದು ಗುಜರಾತ್ ಐತ್ರೀ,” ಎಂದರು, ಮದ್ಯ ನಿಷೇಧವಿರುವ ರಾಜ್ಯದವರ ಹೆದರಿಕೆಯಲ್ಲಿ. “ಇಲ್ಲಿ ಅದರ ಹೆಸರು ಫೋನ್‌ನ್ಯಾಗ ತಗೀಬ್ಯಾಡ್ರಿ. ಅದೂ ರಾಜ್ಯೋತ್ಸವಕ್ಕ!”

ಕುಡಿಯುವುದಲ್ಲ, ಇಂಜೆಕ್ಷನ್ ಚುಚ್ಚುವ ಮೊದಲು ತೋಳಿಗೆ ಒರೆಸುವುದು, ಔಷಧಿ ಅಂಗಡಿಯಲ್ಲೇ ಸಿಗುತ್ತದೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಅಹಮದಾಬಾದ್: ಹೊಗೆಯಲ್ಲಿ ಬಂದ ಮುಖ್ಯ ಅತಿಥಿ

ಗಾಜಿನ ತೊಟ್ಟಿಯನ್ನು ಎರಡು ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಎರಡು ಹಗಲು ಸವೆಸಿ ಅಹಮದಾಬಾದಿನಲ್ಲಿ ಇಳಿದೆ. ನಿಲ್ದಾಣದ ಹೊರಗೆ ಆಟೋದವನೊಬ್ಬ ನನ್ನ ಬಿಳಿ ಕೂದಲು ನೋಡಿ ಓಡಿ ಬಂದ. “ಬಾ, ಬೇಸೋ!” ಎಂದ.

ನನಗೆ ಮೈಯೆಲ್ಲ ಉರಿಯಿತು. ಬೇಸೋ ಎಂದರೇನೋ ಗೊತ್ತಿಲ್ಲ, ಏನು ಬೇಯಿಸಬೇಕಿತ್ತೋ. ಆದರೆ ಬಾ? ಗುರುತಿಲ್ಲ, ಪರಿಚಯವಿಲ್ಲ, ಮೊಮ್ಮಗನ ವಯಸ್ಸಿನವನು ನನಗೆ ಏಕವಚನದಲ್ಲಿ ಬಾ ಎನ್ನುವುದೇ? ಇವನಿಗೆ ಯಾರೋ ಕನ್ನಡದವರು ಒಂದೇ ಒಂದು ಪದ ಕಲಿಸಿದ್ದಾರೆ, ಅದನ್ನೂ ಕೆಟ್ಟದಾಗಿ ಕಲಿಸಿದ್ದಾರೆ ಎಂದುಕೊಂಡೆ.

“ಬಾ ಅಂತೀಯಲ್ಲೋ, ನಿಮ್ಮಜ್ಜಿ ವಯಸ್ಸಾಗಿದೆ ನಂಗೆ,” ಎಂದು ಕನ್ನಡದಲ್ಲೇ ಗದರಿದೆ.

“ಹಾ ಬಾ, ಹಾ ಬಾ,” ಎಂದು ತಲೆ ಅಲ್ಲಾಡಿಸಿ, ನನ್ನ ಚೀಲ ತಾನೇ ಎತ್ತಿಟ್ಟ. ದಾರಿಯಲ್ಲಿ ಹೊಂಡ ಬಂದಲ್ಲೆಲ್ಲ ಗಾಡಿ ನಿಧಾನ ಮಾಡಿ, ಹಿಂದೆ ತಿರುಗಿ, ನನ್ನ ಮಡಿಲಿನ ಗಾಜಿನ ತೊಟ್ಟಿ ಕ್ಷೇಮವೇ ಎಂದು ನೋಡುತ್ತಿದ್ದ. ಒಳ್ಳೆಯವನು, ಮಾತು ಮಾತ್ರ ಒರಟು ಎಂದು ತೀರ್ಮಾನಿಸಿದೆ. ಆಮೇಲೆ ತರಕಾರಿಯವಳೂ ಬಾ ಎಂದಳು, ಲಿಫ್ಟಿನಲ್ಲಿ ಬಂದ ಕಾಲೇಜು ಹುಡುಗಿಯೂ ಬಾ ಎಂದಳು. ಇಡೀ ಊರೇ ನನ್ನನ್ನು ಎಲ್ಲಿಗೋ ಕರೆಯುತ್ತಿತ್ತು. ಎಲ್ಲಿಗೆ ಎಂದು ಒಬ್ಬರೂ ಹೇಳಲಿಲ್ಲ.

ಊರಿನ ಬಗ್ಗೆ ದೂರಿಲ್ಲ. ಹೆಂಗಸರು ಮುಖಕ್ಕೆಲ್ಲ ದುಪಟ್ಟಾ ಸುತ್ತಿ ಕಣ್ಣು ಮಾತ್ರ ಬಿಟ್ಟುಕೊಂಡು ಸ್ಕೂಟರಿನಲ್ಲಿ ಹೋಗುವ ಠೀವಿ ನೋಡಬೇಕು, ನಮ್ಮೂರಿನಲ್ಲಿ ಹಾಗೆ ಹೋದರೆ ಬ್ಯಾಂಕಿನವರು ಬಾಗಿಲು ಹಾಕಿಕೊಂಡಾರು. ಬೇಳೆ ಸಾರು ಬಾಯಿಗಿಟ್ಟರೆ ಪಾಯಸಕ್ಕೆ ಅಣ್ಣನೋ ತಮ್ಮನೋ ಎನ್ನಬೇಕು. ಇನ್ನೊಂದು ವಿಷಯ ನನಗೆ ಮೊದಲೇ ಗೊತ್ತಿತ್ತು. ನಮ್ಮ ದೇಶದ ಬಾಹ್ಯಾಕಾಶದ ಕೆಲಸ ಬೇರುಬಿಟ್ಟ ಊರುಗಳಲ್ಲಿ ಇದೂ ಒಂದು, ಅದಕ್ಕೂ ಮೊದಲು ಇಲ್ಲಿ ಕೂತು ಕೆಲವರು ಆಕಾಶದಿಂದ ಉದುರುವ ಇದೇ ಕಣಗಳನ್ನು ಅಳೆಯುತ್ತಿದ್ದರು. ಅಂಥ ಊರಿಗೆ ಮೀನಿನ ತೊಟ್ಟಿ ಹೊತ್ತು ತಂದ ನನಗೆ ಒಳಗೊಳಗೇ ಸಣ್ಣ ಜಂಬವಿತ್ತು.

ಜಂಬ ನಾಲ್ಕನೆಯ ದಿನ ಇಳಿಯಿತು. ಡ್ರೈ ಐಸ್ ಎಲ್ಲಿ ಸಿಗುತ್ತದೆಂದು ನಾಗರಾಜ್ ವಿಚಾರಿಸಿದ್ದರು. ಅದು ಮದುವೆ ಅಲಂಕಾರದವರ ಬಳಿ ಇರುತ್ತದಂತೆ. ಬಿಸಿನೀರು ಸುರಿದರೆ ದಟ್ಟ ಬಿಳಿ ಹೊಗೆ ನೆಲದ ಮೇಲೆ ಹರಿಯುತ್ತದೆ, ಮದುಮಕ್ಕಳು ಮೋಡದ ಮೇಲೆ ನಡೆದು ಬಂದಂತೆ ಕಾಣುತ್ತದೆ. ಅಂಥ ಅಲಂಕಾರದವನೊಬ್ಬ ಥರ್ಮಾಕೋಲ್ ಪೆಟ್ಟಿಗೆಯ ತುಂಬ ತಂದು ವೇದಿಕೆಯ ಹಿಂದೆ ಇಟ್ಟಿದ್ದ. ಇದು ಯಾತಕ್ಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಉಪಯೋಗ.

ಮುಖ್ಯ ಅತಿಥಿಗಳು ದೀಪ ಬೆಳಗಲು ವೇದಿಕೆ ಹತ್ತಿದರು. ಭುಸ್ ಎಂದಿತು. ಅತಿಥಿಗಳ ಪಂಚೆಯ ಅಂಚು ಮೋಡದಲ್ಲಿ ಮುಳುಗಿತು, ಸಭೆ ಚಪ್ಪಾಳೆ ತಟ್ಟಿತು, ಅಲಂಕಾರದವನು ಉತ್ಸಾಹ ಬಂದು ಇನ್ನೊಂದು ಬಕೆಟ್ ಬಿಸಿನೀರು ಸುರಿದ. ನಾನು ಮೂರನೇ ಸಾಲಿನಿಂದ “ಅಯ್ಯೋ, ನನ್ನ ಐಸು!” ಎಂದು ಕೂಗಿದ್ದು ನಾಡಗೀತೆಯಲ್ಲಿ ಮುಚ್ಚಿಹೋಯಿತು.

ಉಳಿದದ್ದು ನಾಲ್ಕು ಚೂರು. ಅದನ್ನೇ ತಟ್ಟೆಯ ಕೆಳಗೆ ಹರಡಿ, ದೀಪ ಆರಿಸಿ, ಪಕ್ಕದಿಂದ ಟಾರ್ಚು ಬಿಟ್ಟು ಕಾಯ್ದೆ. ಸುತ್ತಲೂ ನಲವತ್ತು ಮಕ್ಕಳು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ತೊಟ್ಟಿಯೊಳಗೆ ಮಂಜು ಮುಸುಕಿದ್ದು ಬಿಟ್ಟರೆ ಒಂದು ಎಳೆಯೂ ಇಲ್ಲ. ಹಿಂದಿನಿಂದ ಬಿಸಿಬೇಳೆಬಾತಿನ ಪರಿಮಳ ಬಂದು ಮಕ್ಕಳ ಮೂಗು ಅತ್ತ ತಿರುಗಿತು. ನಾನು ದೀಪ ಹಾಕಿಸಿ ಹೇಳಿದೆ, “ಇವತ್ತು ಕಣಗಳು ಬರಲಿಲ್ಲ ಮಕ್ಕಳೇ.”

ಎಲ್ಲರೂ ಊಟಕ್ಕೆ ಎದ್ದರು. ಒಬ್ಬಳು ಏಳಲಿಲ್ಲ. ಹನ್ನೆರಡು ಹದಿಮೂರರ ಹುಡುಗಿ, ಎರಡು ಜಡೆ, ಕಣ್ಣು ಇನ್ನೂ ತೊಟ್ಟಿಯ ಮೇಲೇ. ನಿಂತುಕೊಂಡು, ಕೈ ಎತ್ತಿ, “ಬಾ…” ಎಂದಳು.

ಆತುರಗಾರನಿಗೆ ಬುದ್ಧಿ ಮಟ್ಟ. ನಾಲ್ಕು ದಿನದಿಂದ ಊರಿನವರೆಲ್ಲ ಬಾ ಎಂದದ್ದು, ಐಸು ಹಾಳಾದದ್ದು, ಎಲ್ಲ ಒಟ್ಟಿಗೆ ನನ್ನ ನಾಲಗೆಗೆ ಬಂತು.

“ಬಾ ಅಲ್ಲಮ್ಮ, ಬನ್ನಿ! ದೊಡ್ಡವರನ್ನ ಬನ್ನಿ ಅಂತ ಕರೀಬೇಕು. ಕನ್ನಡದ ಹುಡುಗಿ ಕನ್ನಡ ಸರಿಯಾಗಿ ಮಾತಾಡ್ಬೇಕು. ಎಲ್ಲಿ, ಹೇಳು ನೋಡೋಣ, ಬ-ನ್ನಿ.”

ಸಭೆ ಗೊಳ್ಳೆಂದು ನಕ್ಕಿತು. ಹುಡುಗಿಯ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು, ಜನರ ನಡುವೆ ನುಸುಳಿ ಹೊರಟುಹೋದಳು. ಆ ಸಿಟ್ಟಿನ ಭರದಲ್ಲಿ ನಾನು ನನ್ನ ಕಪ್ಪು ತಟ್ಟೆಯನ್ನು ಅಲ್ಲೇ ಮರೆತು ಬಂದೆ ಎಂದು ಗೊತ್ತಾದದ್ದು ವಡೋದರಾದಲ್ಲಿ. ಇನ್ನೊಂದು ವಿಷಯ ಗೊತ್ತಾದದ್ದೂ ಅಲ್ಲೇ.

ವಡೋದರಾ: ಉಯ್ಯಾಲೆಯ ಮೇಲಿನ ಅಜ್ಜಿ

ವಡೋದರಾದಲ್ಲಿ ನನ್ನ ತಂಗಿಯ ಮಗ ಪ್ರಸನ್ನ ಇದ್ದಾನೆ. ಮಕರಪುರದ ಕೈಗಾರಿಕಾ ವಸಾಹತಿನಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲಿಂದಲೇ ನನ್ನ ವಾಪಸು ರೈಲು. ಎರಡು ದಿನ ಅವನ ಮನೆಯಲ್ಲಿ ಉಂಡು ಮಲಗಿ ಹೊರಡುವುದು ಎಂದು ಲೆಕ್ಕ ಹಾಕಿದ್ದೆ.

ನನ್ನ ಮುಖ ಸಪ್ಪಗಿದ್ದದ್ದು ನೋಡಿ ಅವನು ಕಾರ್ಖಾನೆಗೆ ಕರೆದುಕೊಂಡು ಹೋದ. ಮನೆಯೆತ್ತರದ ಟ್ರಾನ್ಸ್‌ಫಾರ್ಮರ್ ಒಂದನ್ನು ಪರೀಕ್ಷೆಗೆ ಹಚ್ಚಿದ್ದರು. ಗುಂಯ್ ಎನ್ನುತ್ತಿತ್ತು, ಯಾರೋ ತಂಬೂರಿ ಮೀಟುತ್ತಾ ಕೂತ ಹಾಗೆ.

“ಇದರೊಳಗೆ ತಿರುಗೋ ಚಕ್ರ ಒಂದೂ ಇಲ್ಲ ದೊಡ್ಡಮ್ಮ,” ಎಂದ ಪ್ರಸನ್ನ. “ಮತ್ತೆ ಸದ್ದು ಎಲ್ಲಿಂದ? ಹೇಳು ನೋಡೋಣ.”

ನನ್ನ ಪಾಠವನ್ನು ನನಗೇ ಒಪ್ಪಿಸುವ ಧೈರ್ಯ ಇವನಿಗೆ. ಉತ್ತರ ನನಗೆ ಗೊತ್ತಿತ್ತು. ಕರೆಂಟು ಹರಿದಾಗ ಒಳಗಿನ ಕಬ್ಬಿಣದ ಹಾಳೆಗಳು ಅಯಸ್ಕಾಂತವಾಗುತ್ತವೆ. ಹಾಗಾಗುವಾಗ ಕಬ್ಬಿಣ ಒಂದಿಷ್ಟು ಉದ್ದವಾಗಿ ಮತ್ತೆ ಕುಗ್ಗುತ್ತದೆ, ಸೆಕೆಂಡಿಗೆ ನೂರು ಬಾರಿ. ಕೂದಲೆಳೆಯ ಅಗಲದಷ್ಟೂ ಇಲ್ಲದ ಆ ಕದಲಿಕೆ ಯಾವ ಕಣ್ಣಿಗೂ ಕಾಣದು, ಆದರೆ ಬೀದಿಯ ಕೊನೆಗೂ ಕೇಳುತ್ತದೆ. ಗೊತ್ತಿದ್ದರೂ, ಅಷ್ಟು ದೊಡ್ಡ ಕಬ್ಬಿಣ ಉಸಿರಾಡುವುದನ್ನು ಪಕ್ಕದಲ್ಲೇ ನಿಂತು ಕೇಳಿದ್ದು ಅದೇ ಮೊದಲು. ಸಪ್ಪೆ ಮುಖ ಸ್ವಲ್ಪ ಸರಿಯಾಯಿತು.

ಸಂಜೆ ಮನೆಗೆ ಬಂದರೆ ಪ್ರಸನ್ನನ ಹೆಂಡತಿ ಹೇತಲ್ ಚಹಾ ಕಾಯಿಸುತ್ತಿದ್ದಳು. ಗುಜರಾತಿನವಳೇ, ಗಂಡನಿಂದ ಕನ್ನಡ ಕಲಿತಿದ್ದಾಳೆ. ನಡುಮನೆಯ ಉಯ್ಯಾಲೆಯ ಮೇಲೆ ಅವಳ ಅಜ್ಜಿ ಕೂತಿದ್ದರು, ಮೊಮ್ಮಗಳ ಮನೆಗೆ ನಾಲ್ಕು ದಿನ ಇರಲು ಬಂದವರು. ಗುಜರಾತಿನಲ್ಲಿ ಬಹಳ ಮನೆಗಳಲ್ಲಿ ಹೀಗೆ ಹಲಗೆಯ ಉಯ್ಯಾಲೆ ಇರುತ್ತದೆ. ನಾನೂ ಪಕ್ಕದಲ್ಲಿ ಕೂತೆ. ಭಾರ ಎರಡು ಪಾಲಾದರೂ ಉಯ್ಯಾಲೆಯ ಲಯ ಬದಲಾಗಲಿಲ್ಲ. ಹಗ್ಗದ ಉದ್ದ ಬದಲಾಗದೆ ಅದು ಬದಲಾಗುವುದಿಲ್ಲ, ಎಂಟನೇ ತರಗತಿಯ ಪಾಠ.

“ಬಾ, ಚಾ ಪೀಶೋ?” ಎಂದಳು ಹೇತಲ್ ಅಡುಗೆಮನೆಯಿಂದ. ಅಜ್ಜಿ ಏಳಲಿಲ್ಲ. ಆಟ ಮುಗಿಸಿ ಬಂದ ಮರಿಮಗಳು “ಬಾ, ಬಾ” ಎಂದು ಅವರ ಸೆರಗು ಜಗ್ಗಿದಳು. ಅಜ್ಜಿ ಆಗಲೂ ಏಳಲಿಲ್ಲ. ಬಾಗಿಲಲ್ಲಿ ಹಾಲಿನವನು ಇಣುಕಿ, “ಕೇಮ್ ಛೋ ಬಾ?” ಎಂದ. ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿ ಹರಸಿದರು.

ನನಗೆ ಪಾಪ ಅನ್ನಿಸಿತು. “ಅಲ್ಲ ಹೇತಲ್, ಅವರಿಗೆ ಮಂಡಿ ನೋವೇನೋ. ಎಲ್ರೂ ಬಾ ಬಾ ಅಂತ ಯಾಕೆ ಎಬ್ಬಿಸ್ತೀರಿ?”

ಹೇತಲ್ ಚಹಾದ ತಟ್ಟೆ ಹಿಡಿದು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. “ದೊಡ್ಡಮ್ಮ, ಅದು ಬಾ ಅಲ್ಲ. ಬಾ! ನಮ್ಮಲ್ಲಿ ಅಜ್ಜಿಗೆ ಬಾ ಹೇಳ್ತೇವೆ. ಅಮ್ಮನಿಗೂ ಹೇಳ್ತಾರೆ. ವಯಸ್ಸಾದ ಹೆಂಗಸರು ಎಲ್ಲರಿಗೂ ಬಾ. ಮರ್ಯಾದೆಗೆ.”

ಉಯ್ಯಾಲೆ ತೂಗುತ್ತಲೇ ಇತ್ತು. ಆಟೋದವನ “ಹಾ ಬಾ”, ತರಕಾರಿಯವಳು, ಲಿಫ್ಟಿನ ಹುಡುಗಿ. ಅವರೆಲ್ಲ ನನ್ನನ್ನು ಅಮ್ಮಾ ಎಂದಿದ್ದರು. ಆ ಎರಡು ಜಡೆಯ ಹುಡುಗಿಯೂ ಅಜ್ಜೀ ಎಂದು ಕರೆದು ಏನೋ ಕೇಳಲು ನಿಂತಿದ್ದಳು. ನಾನು ಅವಳಿಗೆ ಮರ್ಯಾದೆ ಕಲಿಸಿದೆ.

ನಾಗರಾಜ್ ಅವರಿಗೆ ಫೋನ್ ಮಾಡಿದೆ. ಹುಡುಗಿಯ ಹೆಸರು ಇಂಚರಾ ಎಂದು ತಿಳಿಯಿತು. ತಂದೆ ಸುಧಾಕರ, ಕುಂದಾಪುರದ ಕಡೆಯವರು, ಸೂರತ್‌ನಲ್ಲಿ ಉಡುಪಿ ಹೋಟೆಲು ನಡೆಸುತ್ತಾರೆ. ರಾಜ್ಯೋತ್ಸವದ ಊಟದ ಹೊಣೆ ಅವರದೇ ಇತ್ತು. ಮಗಳು ಆಕಾಶದ ಕಣ ನೋಡಬೇಕೆಂದು ಹಟ ಹಿಡಿದು, ಪಾತ್ರೆಗಳ ಜೊತೆ ಟೆಂಪೋದಲ್ಲಿ ಕೂತು ಅಷ್ಟು ದೂರ ಬಂದಿದ್ದಳಂತೆ.

“ಸಭೆ ಅವಳ ಮಾತಿಗೆ ನಕ್ಕಿತಲ್ಲ ನಾಗರಾಜ್, ನನಗೆ ಅದೇ ಸಂಕಟ,” ಎಂದೆ.

“ಅವಳಿಗಲ್ರೀ ಮೇಡಂ,” ಎಂದರು ಅವರು, ತಮ್ಮ ಮೆಲುದನಿಯನ್ನು ಇನ್ನಷ್ಟು ಇಳಿಸಿ. “ನಾವು ನಕ್ಕಿದ್ದು ನಿಮಗ. ಹೇಳಾಕ ಧೈರ್ಯ ಆಗ್ಲಿಲ್ಲ. ಆದ್ರ ಆ ಕೂಸಿಗೆ ಅದು ತಿಳೀಲಿಲ್ಲ ನೋಡ್ರಿ. ಸೂರತ್‌ನ್ಯಾಗ ನಡಿಯೋ ಭಾನುವಾರದ ಕನ್ನಡ ಕ್ಲಾಸಿಗೆ ಇನ್ನ ಹೋಗಂಗಿಲ್ಲ, ನನಗ ಕನ್ನಡ ಬರಂಗಿಲ್ಲ ಅಂತ ಕುಂತದಂತ. ಇಷ್ಟು ದಿನ ಆ ಕ್ಲಾಸಿಗೆ ತಾನಾಗೇ ಹೋಗ್ತಿದ್ದಾಕಿ ಅಕಿ ಒಬ್ಬಾಕೀನ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ ಈ ಗಾದೆ. ಅವಳ ಪ್ರಶ್ನೆ ಏನಿತ್ತೋ ಎಂಬುದೂ ನನ್ನನ್ನು ಕೊರೆಯತೊಡಗಿತು. ಎಲ್ಲರೂ ಬಿಸಿಬೇಳೆಬಾತಿಗೆ ಎದ್ದಾಗ ಖಾಲಿ ತೊಟ್ಟಿ ನೋಡುತ್ತಾ ಕೂತ ಮಗು ಸುಮ್ಮನೆ ಪ್ರಶ್ನೆ ಕೇಳುವುದಿಲ್ಲ.

ಸೂರತ್ ಹೇಗೂ ನಮ್ಮೂರ ದಾರಿಯಲ್ಲೇ. ಅಲ್ಲಿ ಇಳಿಯುತ್ತೇನೆ ಎಂದು ಪ್ರಸನ್ನನಿಗೆ ಹೇಳಿ ಟಿಕೆಟ್ ಬದಲಾಯಿಸಿದೆ. “ಕ್ಷಮೆ ಕೇಳೋಕೆ ಫೋನ್ ಸಾಕಲ್ವಾ ದೊಡ್ಡಮ್ಮ?” ಎಂದ. ಎಲ್ಲರೆದುರು ಅಂದ ಮಾತನ್ನು ಫೋನಿನಲ್ಲಿ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ ಎಂದೆ. ಹೊರಡುವಾಗ ಉಯ್ಯಾಲೆಯ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, “ಬರ್ತೀನಿ ಬಾ” ಎಂದೆ. ಜೀವನದಲ್ಲಿ ಮೊದಲ ಸಲ ಆ ಪದವನ್ನು ಸರಿಯಾಗಿ ಬಳಸಿದ್ದೆ.

ಸೂರತ್: ದೋಸೆ ಕಾವಲಿಯ ಮೇಲೆ ಆಕಾಶ

ಸುಧಾಕರ ಅವರ ಹೋಟೆಲು ಸಚಿನ್ ಎಂಬ ಕೈಗಾರಿಕಾ ಊರಿಗೆ ಹೋಗುವ ರಸ್ತೆಯಲ್ಲಿದೆ. ಬಟ್ಟೆ ಕಾರ್ಖಾನೆಗಳ ಪಾಳಿ ಬದಲಾಗುವಾಗ ಇಡ್ಲಿಗೆ ನೂಕುನುಗ್ಗಲು. ಕಂಬಳಿ ಸುತ್ತಿದ ತೊಟ್ಟಿ ಹಿಡಿದು ನಾನು ಒಳಗೆ ಕಾಲಿಟ್ಟಾಗ ಬೆಳಗಿನ ಹತ್ತೂವರೆ, ಶನಿವಾರ.

“ಬನ್ನಿ ಬನ್ನಿ ಟೀಚರ್, ಕೂತ್ಕೊಳ್ಳಿ,” ಎಂದರು ಸುಧಾಕರ. “ನೀವು ಇಷ್ಟಕ್ಕೆಲ್ಲ ಬರುದು ಎಂತಕ್ಕೆ ಮಾರಾಯ್ರೆ? ಮಕ್ಕಳ ಸಿಟ್ಟು ಎಷ್ಟು ದಿನ?”

ಮಕ್ಕಳ ಸಿಟ್ಟು ಮೂಲೆಯ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಾ ಕೂತಿತ್ತು. ತಲೆ ಎತ್ತಿ ನೋಡಿ, ಮತ್ತೆ ಬಗ್ಗಿಸಿತು. ನಾನು ಎದುರು ಕೂತೆ. ಬರುವ ದಾರಿಯಲ್ಲಿ ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

“ಇಂಚರಾ, ನೀನು ನನ್ನನ್ನ ಅಜ್ಜೀ ಅಂತ ಕರೆದೆ. ನಂಗೆ ಗೊತ್ತಾಗ್ಲಿಲ್ಲ. ಅವತ್ತು ತಪ್ಪು ಮಾಡಿದ್ದು ನಾನು. ಜನ ನಕ್ಕಿದ್ದೂ ನಂಗೇನೆ.”

ಅವಳು ಪೆನ್ಸಿಲು ಸುತ್ತುತ್ತಾ ಇದ್ದಳು. “ಮೈ ಕನ್ನಡ… ನಂಗೆ ಕನ್ನಡ ಸರಿ ಬರುದಿಲ್ಲ,” ಎಂದಳು.

“ನಂಗೆ ಗುಜರಾತಿ ಒಂದು ಪದಾನೂ ಬರಲ್ಲ. ಆಟೋದವನು ಬಾ ಬೇಸೋ ಅಂದಾಗ ಏನೋ ಬೇಯಿಸೋಕೆ ಹೇಳ್ತಿದಾನೆ ಅಂದ್ಕೊಂಡೆ.”

ಪೆನ್ಸಿಲು ನಿಂತಿತು. ಮೊದಲು ಕಣ್ಣು ನಕ್ಕಿತು, ಆಮೇಲೆ ತುಟಿ. “ಬೇಸೋ ಅಂದ್ರೆ ಕೂತ್ಕೋಳಿ,” ಎಂದಳು ಟೀಚರಿನ ಗತ್ತಿನಲ್ಲಿ. “ಬೇಯಿಸುದು ಅಲ್ಲ.”

“ಸರಿ, ಕೂತ್ಕೊಂಡೆ. ಈಗ ಹೇಳು, ಅವತ್ತು ನಿನ್ನ ಪ್ರಶ್ನೆ ಏನಿತ್ತು?”

ಅವಳು ನನ್ನ ಕಂಬಳಿಯ ಗಂಟನ್ನು ನೋಡಿದಳು. “ಫಸ್ಟ್ ತೋರ್ಸಿ. ಮತ್ತೆ ಕೇಳ್ತೇನೆ.”

ವ್ಯಾಪಾರಿಗಳ ಊರಿನ ಹುಡುಗಿ, ಮಾಲು ನೋಡದೆ ಮಾತಿಲ್ಲ. ಡ್ರೈ ಐಸು ಬೇಕೆಂದೆ. ನವೆಂಬರು ಕೊನೆ, ಮದುವೆಗಳ ಕಾಲ. ಸುಧಾಕರ ಒಂದು ಫೋನ್ ಮಾಡಿದರು, ಗಂಟೆಯೊಳಗೆ ಪೆಟ್ಟಿಗೆ ಬಂತು. ಈ ಸಲ ಪೆಟ್ಟಿಗೆಯ ಪಕ್ಕ ನಾನೇ ಕಾವಲು ಕೂತೆ. ಬಿಸಿನೀರಿನ ಪಾತ್ರೆ ಹಿಡಿದು ಯಾರು ಹಾದುಹೋದರೂ ಕಣ್ಣು ಬಿಡುತ್ತಿದ್ದೆ.

ಕಾಯುವಾಗ ಪಕ್ಕದ ಮೇಜಿನಲ್ಲಿ ಇಬ್ಬರು ಕಾಫಿ ಕುಡಿಯುತ್ತಿದ್ದರು. ವಜ್ರ ಬೆಳೆಸುವ ಕಾರ್ಖಾನೆಯವರು ಎಂದು ಇಂಚರಾ ಪಿಸುಗುಟ್ಟಿದಳು. ಅಗೆಯುವುದಲ್ಲ, ಬೆಳೆಸುವುದು. ಹಪ್ಪಳಕ್ಕಿಂತ ತೆಳ್ಳಗಿನ ವಜ್ರದ ಚೂರೊಂದನ್ನು ಬೀಜವಾಗಿ ಇಟ್ಟು, ಕೆಸರುಗದ್ದೆಯಿಂದ ಗುಳುಗುಳು ಏಳುತ್ತದಲ್ಲ, ಅದೇ ಮೀಥೇನ್ ಅನಿಲವನ್ನು ಯಂತ್ರದಲ್ಲಿ ಕಾಯಿಸಿದರೆ, ಅದರಲ್ಲಿರುವ ಇಂಗಾಲ ಪದರ ಪದರವಾಗಿ ಬೀಜದ ಮೇಲೆ ಕೂತು ಕೆಲವು ವಾರಗಳಲ್ಲಿ ವಜ್ರವಾಗುತ್ತದೆ. ನೆಲದಿಂದ ಬಂದದ್ದೋ ಯಂತ್ರದಿಂದ ಬಂದದ್ದೋ, ಬರಿಗಣ್ಣು ಹೇಳಲಾರದು. ಇದನ್ನೆಲ್ಲ ಅವಳು ಕನ್ನಡ, ಹಿಂದಿ, ಗುಜರಾತಿ ಮೂರನ್ನೂ ಕಲಸಿ ಹೇಳಿದಳು. ನಾನು ನೋಟ್‌ಬುಕ್ ತೆಗೆದು ಬರೆದುಕೊಂಡೆ. ಯಾವ ಪದವನ್ನೂ ತಿದ್ದಲಿಲ್ಲ. ಕಷ್ಟವಾಯಿತು.

ಈಗ ತಟ್ಟೆಯ ಸಮಸ್ಯೆ. ನನ್ನ ಕಪ್ಪು ತಟ್ಟೆ ಅಹಮದಾಬಾದಿನಲ್ಲಿ. ಸಪಾಟಾಗಿರಬೇಕು, ಲೋಹದ್ದಾಗಿರಬೇಕು, ಕಪ್ಪಗಿರಬೇಕು ಎಂದು ವಿವರಿಸುತ್ತಿದ್ದೆ. ಅಡುಗೆಯ ಭಟ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದರು. ಅಟ್ಟದಿಂದ ಹಳೆಯ ದೋಸೆ ಕಾವಲಿಯೊಂದನ್ನು ಇಳಿಸಿ ತಂದು ಮೇಜಿನ ಮೇಲೆ ಇಟ್ಟರು.

“ಸಾವಿರಾರು ದೋಸೆ ಕಂಡ ಕಾವಲಿ. ಇದಕ್ಕಿಂತ ಕಪ್ಪು ಬೇಕಾ?” ಎಂದರು.

ಬೇಡವಾಗಿತ್ತು. ಅಕ್ಕಿ ಮೂಟೆ, ಈರುಳ್ಳಿ ಚೀಲಗಳ ದಾಸ್ತಾನು ಕೋಣೆಗೆ ಕಿಟಕಿಯಿಲ್ಲ, ದೀಪ ಆರಿಸಿದರೆ ಕತ್ತಲು. ಡ್ರೈ ಐಸನ್ನು ಬರಿಗೈಯಲ್ಲಿ ಮುಟ್ಟಿದರೆ ಸುಟ್ಟ ಹಾಗೇ ಬೊಬ್ಬೆ ಬರುತ್ತದೆ, ಅದಕ್ಕೆ ದಪ್ಪ ಮಸಿಬಟ್ಟೆ ಹಿಡಿದು ಕಾವಲಿಯ ಕೆಳಗೆ ಹರಡಿದೆವು. ಅದು ಕರಗಿ ಬಿಡುವ ಗಾಳಿ ಕೋಣೆಯಲ್ಲಿ ತುಂಬಿಕೊಳ್ಳಬಾರದೆಂದು ಬಾಗಿಲನ್ನು ಸಂದು ಬಿಟ್ಟು, ಮೇಲೆ ಕಪ್ಪು ಪರದೆ ಇಳಿಬಿಟ್ಟೆವು. ಇಂಚರಾ ಔಷಧಿ ಅಂಗಡಿಯಿಂದ ತಂದ ಸ್ಪಿರಿಟನ್ನು ಉಣ್ಣೆ ಬಟ್ಟೆಗೆ ಕುಡಿಸಿ, ತೊಟ್ಟಿಯನ್ನು ಬೋರಲು ಹಾಕಿದೆ. ಅಂಚಿನಿಂದ ಗಾಳಿ ನುಗ್ಗಬಾರದಲ್ಲ, ಭಟ್ಟರು ಕಲಸಿದ ಪೂರಿ ಹಿಟ್ಟನ್ನು ಹೊಸೆದು ಸುತ್ತಲೂ ಮೆತ್ತಿದರು. ದೀಪ ಆರಿಸಿದೆವು. ಟಾರ್ಚು ಪಕ್ಕದಿಂದ.

ಐದು ನಿಮಿಷ ಬರೀ ತುಂತುರು. ಇವತ್ತೂ ಕಾಣದಿದ್ದರೆ ಈ ಮಗು ನನ್ನನ್ನು ಮಾತ್ರ ಅಲ್ಲ, ಇನ್ನೂ ಏನೇನನ್ನೋ ನಂಬುವುದನ್ನು ಬಿಟ್ಟೀತು ಎಂದು ಭಯವಾಗಿತ್ತು. ಹತ್ತು ನಿಮಿಷ. ಕಾವಲಿಯ ಮೇಲೆ ಬೆರಳುದ್ದದ ಒಂದು ಬಿಳಿ ಎಳೆ ಸರ್ರನೆ ಮೂಡಿ, ತೇಲಿ, ಕರಗಿತು.

ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಕೆಲವು ನೆಟ್ಟಗೆ ಉದ್ದ, ಕೆಲವು ಸೊಟ್ಟಂಬಟ್ಟ.

ನೆಟ್ಟಗಿನವು ಬಹುಪಾಲು ಮ್ಯೂಯಾನ್ ಎಂಬ ಕಣದ ಹೆಜ್ಜೆ ಎಂದು ಹೇಳಿದೆ. ಹತ್ತು ಹದಿನೈದು ಕಿಲೋಮೀಟರ್ ಮೇಲೆ ಹುಟ್ಟುತ್ತದೆ, ಅದರ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಬೆಳಕಿನ ಜೊತೆ ಜೊತೆಗೆ ಓಡಿದರೂ ಅಷ್ಟರಲ್ಲಿ ಅರ್ಧ ಮುಕ್ಕಾಲು ಕಿಲೋಮೀಟರ್ ಇಳಿದರೆ ಹೆಚ್ಚು. ಲೆಕ್ಕದ ಪ್ರಕಾರ ದಾರಿಯಲ್ಲೇ ಸಾಯಬೇಕು. ಆದರೆ ಅಷ್ಟು ವೇಗದಲ್ಲಿ ಓಡುವುದರ ಗಡಿಯಾರ ನಮ್ಮ ಪಾಲಿಗೆ ನಿಧಾನವಾಗುತ್ತದೆ, ಆದ್ದರಿಂದ ನೆಲ ಮುಟ್ಟುತ್ತದೆ. ಅರಸೀಕೆರೆಯಲ್ಲಿ ಕಟ್ಟಿಕೊಂಡ ಬುತ್ತಿ ಕಡೂರಿಗೇ ಮುಗಿಯಬೇಕಾದದ್ದು ಸೂರತ್‌ವರೆಗೂ ಬಂದ ಹಾಗೆ.

“ಹೌದೌದು, ಊರಿನ ಉಪ್ಪಿನಕಾಯಿ ಇಲ್ಲಿಗೆ ಹಾಗೆಯೇ ಬರುದು,” ಎಂದರು ಸುಧಾಕರ ಕತ್ತಲಲ್ಲಿ.

“ಬಾ,” ಎಂದಳು ಇಂಚರಾ. ನನ್ನ ಪಾಠ ನೆನಪಾಯಿತೋ ಏನೋ, ನಿಂತು, ಕಷ್ಟಪಟ್ಟು ಜೋಡಿಸಿದಳು. “ಬಾ, ನೋಡಿ. ನನ್ನ ಪ್ರಶ್ನೆ. ಆ ದಿನ ನೀವು ಹೇಳಿದ್ರಿ, ಕಣ ಬರ್ಲಿಲ್ಲ. ಆದ್ರೆ ಅದು ಡೈಲಿ ಬರ್ತಾ ಉಂಟಲ್ಲ? ನಮ್ಮ ಕೈಯಿಂದ ಆರ್‌ಪಾರ್ ಹೋಗ್ತದಲ್ಲ? ಐಸ್ ಇಲ್ಲ, ಅದಕ್ಕೆ ದಿಖಾ ನಹೀ… ಕಾಣ್ಲಿಲ್ಲ. ಬರ್ಲಿಲ್ಲ ಅಲ್ಲ. ಕಾಣ್ಲಿಲ್ಲ. ಹೌದಾ?”

ಹೌದು. ಹೌದು ಮಗಳೇ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ನಲವತ್ತು ಮಕ್ಕಳ ಮುಂದೆ ಅಷ್ಟು ದೊಡ್ಡ ತಪ್ಪು ವಾಕ್ಯ ಹೇಳಿದ್ದೆ. ಆ ಸಭೆಯಲ್ಲಿ ಅದನ್ನು ಹಿಡಿದವಳು ಇವಳೊಬ್ಬಳೇ. ಅವಳ ಬಾಯನ್ನೇ ನಾನು ಕನ್ನಡ ಸರಿಯಾಗಿ ಮಾತಾಡು ಎಂದು ಮುಚ್ಚಿಸಿದ್ದೆ. ನನಗೆ ಅಳು ಬಂತು, ಕತ್ತಲಿದ್ದದ್ದರಿಂದ ಅನುಕೂಲವಾಯಿತು.

ಹೊರಗೆ ಬಂದು, ನೋಟ್‌ಬುಕ್ ತೆರೆದು, ಅಂದಿನ ದಿನಚರಿಯಲ್ಲಿ ‘ಕಣಗಳು ಬರಲಿಲ್ಲ’ ಎಂದು ಬರೆದಿದ್ದ ಪುಟ ತೋರಿಸಿ, ನನ್ನ ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟೆ. ಅವಳು ‘ಬರಲಿಲ್ಲ’ಕ್ಕೆ ಗೆರೆ ಎಳೆದಳು. ಮೇಲೆ ಸೊಟ್ಟ ಅಕ್ಷರದಲ್ಲಿ ‘ಕಾಣಲಿಲ್ಲ’ ಎಂದು ಬರೆದಳು. ಣಕಾರ ತಿರುಗುಮುರುಗಾಗಿತ್ತು. ಪೆನ್ನು ಅವಳ ಹತ್ತಿರವೇ ಇರಲಿ ಎಂದೆ.

“ಭಾನುವಾರದ ಕ್ಲಾಸು?” ಎಂದು ಸುಧಾಕರ ಮಗಳನ್ನು ಕೇಳಿದರು. ಅವಳು ಭುಜ ಕುಣಿಸಿದಳು. “ನಾಳೆ ತಾನೇ ಭಾನುವಾರ? ಈ ಕಾವಲಿ ಕ್ಲಾಸಿನಲ್ಲಿ ತೋರಿಸ್ತೇನೆ,” ಎಂದು ಮತ್ತೆ ಕೋಣೆಯೊಳಗೆ ಓಡಿದಳು.

ನಾನು ಕೈ ತೊಳೆದು, ಸುಧಾಕರ ತಂದಿಟ್ಟ ಫಿಲ್ಟರ್ ಕಾಫಿಯ ಮುಂದೆ ಕೂತೆ. ಮಂಡಿ ನೋಯುತ್ತಿತ್ತು. ಒಂದು ಗುಟುಕು ಒಳಗೆ ಹೋಗಿತ್ತೋ ಇಲ್ಲವೋ, ದಾಸ್ತಾನು ಕೋಣೆಯಿಂದ ಕಿರುಚಿದ ಸದ್ದು ಬಂತು. ದೊಡ್ಡದೇನೋ ಹಾದುಹೋಗಿತ್ತು.

“ಬಾ! ಬಾ!”

ತಿದ್ದಲು ನನ್ನ ಬಾಯಿ ಹಳೆಯ ಅಭ್ಯಾಸದಿಂದ ತೆರೆಯಿತು. ಈ ಎರಡು ‘ಬಾ’ಗಳಲ್ಲಿ ಅಜ್ಜಿ ಯಾವುದು, ಕರೆದದ್ದು ಯಾವುದು, ಗುಜರಾತಿ ಯಾವುದು, ಕನ್ನಡ ಯಾವುದು? ಕಾಫಿ ಅಲ್ಲೇ ಬಿಟ್ಟು, ಬಂದೆ ಬಂದೆ ಎನ್ನುತ್ತಾ ಓಡಿದೆ.